ಮೂರು ಕಣ್ಣಿನ ಚಿತ್ರವನ್ನು ನೋಡುವುದು ಹೇಗೆ?

ಭದ್ರಾವತಿ ಆಕಾಶವಾಣಿ 1965ರಲ್ಲಿ ಶುರುವಾಯಿತು. ಮಧ್ಯಮ ತರಂಗದ 675 ಕಿಲೊಹರ್ಟ್ಸ್‌ನಲ್ಲಿ ಅದನ್ನು ಕೇಳಿ ಬೆಳೆದವರಿಗೆ ಗೊತ್ತು: ಶಿವಮೊಗ್ಗದ ಕಡೆ ಮೋಡ ಕಟ್ಟಿ ಮಿಂಚು ಹೊಡೆದರೆ ರೇಡಿಯೊ ಕರಕರ ಎನ್ನುತ್ತಿತ್ತು. ಆ ಬಗೆಯ ಪ್ರಸಾರದಲ್ಲಿ ದನಿ ಕೂತಿರುವುದು ಅಲೆಯ ಎತ್ತರದಲ್ಲಿ. ಮಿಂಚು ಕೆಡಿಸುವುದೂ ಎತ್ತರವನ್ನೇ. ಎಫ್‌ಎಂನಲ್ಲಿ ದನಿ ಇರುವುದು ಅಲೆಯ ಕಂಪನಾಂಕದ ಏರಿಳಿತದಲ್ಲಿ. ಹಾಗಾಗಿ ಅದೇ ಮಿಂಚಿಗೆ ಎಫ್‌ಎಂ ಅಷ್ಟು ಬೆದರುವುದಿಲ್ಲ. ಎತ್ತರದಲ್ಲಿ ಮಾಹಿತಿ ಇಟ್ಟವರು ಗದ್ದಲಕ್ಕೆ ಸುಂಕ ಕಟ್ಟಲೇಬೇಕು. ಇಷ್ಟು ತಿಳಿದಿದ್ದರೆ ಕಂಪ್ಯೂಟರ್ ಮೆಮೊರಿಯ ಬಹುಮಟ್ಟದ ಸಂಕೇತವನ್ನು ಸವಿಯಲು ಅರ್ಧ ಸಿದ್ಧತೆ ಆಯಿತು.

ಮೊದಲು ವಿಷಯ

ಮೆಮೊರಿ ಚಿಪ್‌ಗೂ ಪ್ರೊಸೆಸರ್‌ಗೂ ನಡುವಿನ ತಂತಿಯಲ್ಲಿ ಸಾಮಾನ್ಯವಾಗಿ ಎರಡೇ ವೋಲ್ಟೇಜ್ ಮಟ್ಟ: ಸೊನ್ನೆ, ಒಂದು. ಒಂದು ಸರದಿಗೆ ಒಂದು ಬಿಟ್. ಕಂಪ್ಯೂಟರಿನ ಮುಖ್ಯ ಮೆಮೊರಿಯಾದ ಡಿಡಿಆರ್5 ಕೂಡ ಹೀಗೇ ನಡೆಯುತ್ತದೆ. ವೇಗ ಬೇಕೆಂದರೆ ಸರದಿಯನ್ನು ಚುರುಕುಗೊಳಿಸಬೇಕು. ಆದರೆ ಕಂಪನಾಂಕ ಏರಿದಷ್ಟೂ ಬೋರ್ಡಿನ ತಾಮ್ರದ ಗೆರೆ ಸಂಕೇತವನ್ನು ನುಂಗುತ್ತದೆ. ಇನ್ನೊಂದು ದಾರಿ, ಸರದಿಯ ವೇಗ ಏರಿಸದೆ ಮಟ್ಟಗಳನ್ನು ನಾಲ್ಕು ಮಾಡುವುದು. ಆಗ ಒಂದೇ ಸರದಿಯಲ್ಲಿ ಎರಡು ಬಿಟ್ ಹೋಗುತ್ತವೆ. ಇದಕ್ಕೆ ಪ್ಯಾಮ್-4 ಎಂದು ಹೆಸರು. 2020ರಲ್ಲಿ ಮೈಕ್ರಾನ್ ತಂದ ಜಿಡಿಡಿಆರ್6ಎಕ್ಸ್ ಮೆಮೊರಿ ಇದನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಇಳಿಸಿತು. ಎನ್ವಿಡಿಯಾದ ಆರ್‌ಟಿಎಕ್ಸ್ 3090ರಲ್ಲಿ ಒಂದೊಂದು ಡೇಟಾ ತಂತಿಯೂ ಸೆಕೆಂಡಿಗೆ 19.5 ಗಿಗಾಬಿಟ್ ಸಾಗಿಸುತ್ತದೆ. 384 ತಂತಿಗಳದ್ದೂ ಸೇರಿದರೆ 936 ಗಿಗಾಬೈಟ್.

ಸುಂಕ ಎಷ್ಟು? ಮೊದಲಿದ್ದ ವೋಲ್ಟೇಜಿನೊಳಗೇ ಈಗ ಮೂರು ಅಂತರ ಹಿಡಿಸಬೇಕು. ಪ್ರತಿ ಅಂತರವೂ ಮೂರನೇ ಒಂದು ಭಾಗಕ್ಕೆ ಇಳಿಯಿತು, ಅಂದರೆ 9.5 ಡೆಸಿಬೆಲ್ ನಷ್ಟ. ಸರದಿಯ ವೇಗವನ್ನೇ ಇಮ್ಮಡಿ ಮಾಡಿದ್ದರೆ ತಂತಿ ಇದಕ್ಕಿಂತ ಹೆಚ್ಚು ನುಂಗುತ್ತಿತ್ತು ಎನ್ನುವಲ್ಲಿ ಮಾತ್ರ ಈ ವ್ಯಾಪಾರ ಲಾಭದ್ದು.

ನೋಡುವ ಕ್ರಮ

ಈ ಕಲೆಯನ್ನು ನೋಡುವುದು ಐ ಡಯಾಗ್ರಾಂನಲ್ಲಿ. ಆಸಿಲೋಸ್ಕೋಪ್ ಸಾವಿರಾರು ಸರದಿಗಳನ್ನು ಒಂದರ ಮೇಲೊಂದು ಹಚ್ಚಿದಾಗ ಗೆರೆಗಳ ನಡುವೆ ಖಾಲಿ ಉಳಿಯುವ ಜಾಗವೇ ಕಣ್ಣು. ಎರಡು ಮಟ್ಟಕ್ಕೆ ಒಂದು ಕಣ್ಣು. ನಾಲ್ಕಕ್ಕೆ ಮೂರು, ಒಂದರ ಮೇಲೊಂದು. ಹೊಸಬರು ಗೆರೆಗಳ ಬಣ್ಣದ ಜಾಲಕ್ಕೆ ಮರುಳಾಗುತ್ತಾರೆ. ರಸಿಕರು ಖಾಲಿ ಜಾಗವನ್ನು ನೋಡುತ್ತಾರೆ.

ಮೊದಲು ಕಣ್ಣಿನ ಎತ್ತರ: ಗದ್ದಲವನ್ನು ಎಷ್ಟು ತಡೆದೀತು ಎಂಬುದು ಅಲ್ಲಿದೆ. ಆಮೇಲೆ ಅಗಲ: ಸರದಿಯ ಕಾಲ ಆಚೀಚೆ ತೂಗಾಡಿದರೂ ಎಷ್ಟು ಸಹಿಸೀತು ಎಂಬುದು. ಮೂರನೆಯದು ಸಮಪಾಲು. ಮಟ್ಟಗಳ ನಡುವಿನ ಅಂತರ ಏರುಪೇರಾದರೆ ಒಂದು ಕಣ್ಣು ಅರಳಿ ಇನ್ನೊಂದು ಮುದುಡುತ್ತದೆ. ಇಡೀ ತಂತಿಯ ಯೋಗ್ಯತೆ ಆ ಮುದುಡಿದ ಕಣ್ಣಿನಷ್ಟೇ. ನಾಲ್ಕನೆಯದು ನೆಗೆತಗಳು. ನಾಲ್ಕು ಮಟ್ಟಗಳಿಂದ ನಾಲ್ಕು ಮಟ್ಟಗಳಿಗೆ ಹದಿನಾರು ಹಾದಿ. ಕೆಳಗಿನ ತುದಿಯಿಂದ ಮೇಲಿನ ತುದಿಗೆ ಹಾರುವ ಗೆರೆಯೇ ಕಣ್ಣಿನ ಅಗಲವನ್ನು ಹೆಚ್ಚು ತಿನ್ನುತ್ತದೆ. ಜಿಡಿಡಿಆರ್6ಎಕ್ಸ್ ಡೇಟಾವನ್ನು ಕೋಡ್ ಮಾಡುವಾಗಲೇ ಆ ನೆಗೆತ ಬಾರದಂತೆ ನೋಡಿಕೊಳ್ಳುತ್ತದೆ.

ಚಿತ್ರದಲ್ಲಿ ಕಾಣದ ಒಂದು ಸೊಗಸೂ ಇದೆ. ಮಟ್ಟಗಳಿಗೆ 00, 01, 11, 10 ಎಂಬ ಕ್ರಮದಲ್ಲಿ ಹೆಸರಿಟ್ಟರೆ, ಗದ್ದಲಕ್ಕೆ ಒಂದು ಮಟ್ಟ ಪಕ್ಕದ್ದಾಗಿ ಕಂಡರೂ ತಪ್ಪುವುದು ಒಂದೇ ಬಿಟ್.

ಕೈಯಾರೆ ಬಿಡಿಸಿ

ಸೆಕೆಂಡಿಗೆ ಗಿಗಾಬಿಟ್‌ಗಳನ್ನು ತೋರಿಸುವ ಸ್ಕೋಪ್ ದುಬಾರಿ. ಆದರೆ ಈ ರೂಪಕ್ಕೆ ವೇಗದ ಹಂಗಿಲ್ಲ. ಶಿವಮೊಗ್ಗ, ಭದ್ರಾವತಿಯ ಯಾವುದೇ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಸಾಧಾರಣ ಸ್ಕೋಪ್ ಸಾಕು. 5 ವೋಲ್ಟಿನ ಮೈಕ್ರೊಕಂಟ್ರೋಲರ್‌ನ ಒಂದು ಪಿನ್ನಿಗೆ 1 ಕಿಲೊಓಮ್, ಇನ್ನೊಂದಕ್ಕೆ 2 ಕಿಲೊಓಮ್ ರೆಸಿಸ್ಟರ್ ಹಾಕಿ ಎರಡರ ತುದಿಯನ್ನೂ ಕೂಡಿಸಿ. ಆ ಗಂಟಿನಲ್ಲಿ 0, 1.67, 3.33, 5 ವೋಲ್ಟ್ ಎಂಬ ನಾಲ್ಕು ಮಟ್ಟ ಸಿಗುತ್ತವೆ. 10 ಮೈಕ್ರೊಸೆಕೆಂಡಿಗೊಮ್ಮೆ ಎರಡೂ ಪಿನ್ನುಗಳಿಗೆ ಒಟ್ಟಿಗೆ ಯಾದೃಚ್ಛಿಕ ಬಿಟ್ ಕೊಡಿ. ಮೂರನೆಯ ಪಿನ್ನಿನ ಗಡಿಯಾರಕ್ಕೆ ಸ್ಕೋಪನ್ನು ಟ್ರಿಗರ್ ಮಾಡಿ, ಗೆರೆ ಅಳಿಯದೆ ಉಳಿಯುವಂತೆ ಪರ್ಸಿಸ್ಟೆನ್ಸ್ ಇಡಿ. ಮೂರು ಕಣ್ಣು ಮೂಡುತ್ತವೆ.

ಈಗ ಗಂಟಿನಿಂದ ಗ್ರೌಂಡಿಗೆ 10 ನ್ಯಾನೊಫ್ಯಾರಡ್ ಕೆಪಾಸಿಟರ್ ಸೇರಿಸಿ. ನಷ್ಟವಿರುವ ತಂತಿಗೆ ಅದು ಬದಲಿ. ಲೆಕ್ಕದ ಪ್ರಕಾರ ಸರದಿಯ ಕೊನೆಯಲ್ಲಿ ಪ್ರತಿ ಕಣ್ಣೂ ಸುಮಾರು 0.2 ವೋಲ್ಟಿಗೆ ಕುಗ್ಗುತ್ತದೆ. ಅದೇ ಸರ್ಕ್ಯೂಟಿನಲ್ಲಿ ಎರಡೂ ಪಿನ್ನಿಗೆ ಒಂದೇ ಬಿಟ್ ಕೊಟ್ಟರೆ ಎರಡೇ ಮಟ್ಟ, ಒಂದೇ ಕಣ್ಣು. ಅದರ ಎತ್ತರ ಸುಮಾರು 2.8 ವೋಲ್ಟ್. ಅದೇ ತಂತಿ, ಅದೇ ಗತಿ. ಇಲ್ಲಿ ಕಣ್ಣಿಗೆ ಬೀಳುವ ವ್ಯತ್ಯಾಸ ಸುಂಕಕ್ಕೆ ತಂತಿಯ ನಷ್ಟವೂ ಸೇರಿದ್ದು.

ರುಚಿಯ ಪರೀಕ್ಷೆ

ನಾಲ್ಕು ಒಳ್ಳೆಯದಾದರೆ ಎಂಟು ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರಿಗೆ ಜಿಡಿಡಿಆರ್7 ತೋರಿಸಿ. 2024ರ ಮಾರ್ಚ್‌ನಲ್ಲಿ ಮೆಮೊರಿ ಮಾನದಂಡಗಳ ಸಂಸ್ಥೆ ಜೆಡೆಕ್ ಪ್ರಕಟಿಸಿದ ಆ ಮಾನದಂಡ ನಾಲ್ಕರ ಬದಲು ಮೂರು ಮಟ್ಟವನ್ನು ಆರಿಸಿತು. ಮೂರು ಮಟ್ಟದ ಎರಡು ಸರದಿಗೆ ಒಂಬತ್ತು ಜೋಡಿ. ಅವುಗಳಲ್ಲಿ ಎಂಟನ್ನು ಬಳಸಿದರೆ ಮೂರು ಬಿಟ್. ಸರದಿಗೆ ಒಂದೂವರೆ ಬಿಟ್ ಮಾತ್ರ. ಆದರೆ ಕಣ್ಣುಗಳು ಎರಡೇ ಆದ್ದರಿಂದ ಅವು ಎತ್ತರವಾದವು, ಸುಂಕ 6 ಡೆಸಿಬೆಲ್‌ಗೆ ಇಳಿಯಿತು, ಸರದಿಯನ್ನು ಚುರುಕುಗೊಳಿಸಲು ಜಾಗ ಸಿಕ್ಕಿತು. 2025ರ ಆರ್‌ಟಿಎಕ್ಸ್ 5090ರಲ್ಲಿ ತಂತಿಯೊಂದು ಸೆಕೆಂಡಿಗೆ 28 ಗಿಗಾಬಿಟ್ ಮುಟ್ಟಿತು. ಇತ್ತ ಕಂಪ್ಯೂಟರಿನ ಭಾಗಗಳನ್ನು ಜೋಡಿಸುವ 2022ರ ಪಿಸಿಐ ಎಕ್ಸ್‌ಪ್ರೆಸ್ 6.0 ನಾಲ್ಕು ಮಟ್ಟವನ್ನೇ ಆರಿಸಿ, ಆಗುವ ತಪ್ಪುಗಳನ್ನು ತಿದ್ದುವ ಕೋಡನ್ನು ಜೊತೆಗಿಟ್ಟುಕೊಂಡಿತು. ತಂತಿ ಬೇರೆ, ತೀರ್ಮಾನವೂ ಬೇರೆ. ಎಷ್ಟು ಮಟ್ಟ ತುರುಕಿದರು ಎನ್ನುವುದಲ್ಲ, ಆ ತಂತಿ ಎಷ್ಟನ್ನು ತಾಳುತ್ತದೆ ಎಂದು ಅಳೆದು ನಿಲ್ಲಿಸಿದರು ಎನ್ನುವುದೇ ಇಲ್ಲಿನ ಕುಶಲತೆ.

ಮುಂದಿನ ಸಲ ಹೊಸ ಮೆಮೊರಿಯ ಜಾಹೀರಾತು ಕಂಡರೆ ಗಿಗಾಬಿಟ್ ಎಣಿಸುವ ಮೊದಲು ಮೂರು ಪ್ರಶ್ನೆ ಕೇಳಿ: ಮಟ್ಟ ಎಷ್ಟು, ತಂತಿ ಎಷ್ಟು ಉದ್ದ, ತಪ್ಪಾದರೆ ತಿದ್ದುವವರು ಯಾರು?