ಶಮಾ ಯಾರ ಮುಂದೆ?

ಇಸ್ತಾಂಬುಲ್‌ನಲ್ಲಿ ಅಯಾ ಸೋಫಿಯಾ ಮತ್ತು ತೋಪ್‌ಕಾಪಿ ಅರಮನೆಯ ನಡುವೆ ಸೊವುಕ್‌ಚೆಶ್ಮೆ ಎಂಬ ಕಿರುಬೀದಿಯಿದೆ. 'ಚೆಶ್ಮೆ' ಎಂದರೆ ನಮ್ಮೂರಲ್ಲಿ ಕನ್ನಡಕಕ್ಕೆ ಹೇಳುವ ಚಶ್ಮಾ ಅಲ್ಲ. ಉರ್ದುವಿನಲ್ಲಿ ಚಿಲುಮೆಗೆ ಹೇಳುವ ಚಶ್ಮಾ. 1800ರಲ್ಲಿ ಕಟ್ಟಿದ ತಣ್ಣೀರಿನ ಚಿಲುಮೆಯೊಂದರಿಂದ ಬೀದಿಗೆ ಈ ಹೆಸರು ಬಂತು.

ಅದೇ ಬೀದಿಯ ತುದಿಯಲ್ಲಿ ರೋಮನ್ ಕಾಲದ ಒಂದು ಹೌಜ್ ಇದೆ. ಹಿಂದೆ ನೀರು ಕೂಡಿಡುತ್ತಿದ್ದ ಆ ಕಂಬಗಳ ಕೋಣೆ ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ರಿಪೇರಿಯ ಗ್ಯಾರೇಜಾಗಿತ್ತು. 1980ರ ದಶಕದಲ್ಲಿ ಚೆಲಿಕ್ ಗುಲೆರ್‌ಸೊಯ್ ನೇತೃತ್ವದಲ್ಲಿ ಟರ್ಕಿಯ ಪ್ರವಾಸ ಮತ್ತು ಆಟೊಮೊಬೈಲ್ ಕ್ಲಬ್ ಇದನ್ನು ಶುಚಿಗೊಳಿಸಿ, ಮೇಣದಬತ್ತಿಯ ಬೆಳಕಿನ ಹೋಟೆಲನ್ನಾಗಿ ಮಾಡಿತು. ಜಲಾಗಾರ ಎಂಬರ್ಥದ 'ಸಾರ್ನಿಚ್' ಎಂಬುದೇ ಅದಕ್ಕೆ ಇಟ್ಟ ಹೆಸರು. ಪ್ರೇಮಿಗಳಿಗೆ ಇದಕ್ಕಿಂತ ರಮ್ಯವಾದ ತಾಣ ಬೇಕೆ?

ಗ್ರೀಸ್ ಮತ್ತು ಎಣ್ಣೆಯ ಜಿಡ್ಡಿನಿಂದ ಹಳೆಯ ಕಂಬಗಳನ್ನು ಪಾರುಮಾಡಿದ್ದು ಸಣ್ಣ ಕೆಲಸವಲ್ಲ. ಯಾರಿಗೂ ಬೇಡವಾದ ಕಟ್ಟಡ ಉಳಿಯುವುದಿಲ್ಲ ಎಂಬುದನ್ನು ನಾವು ಬಲ್ಲೆವು. ಆದರೆ ಇದೇ ಯೋಜನೆಯಲ್ಲಿ ಬೀದಿಯ ಹಳೆಯ ಮರದ ಮನೆಗಳನ್ನು ಕೆಡವಿ, ಹಳೆಯವೇ ಎಂದು ತೋರುವಂತೆ ಮತ್ತೆ ಕಟ್ಟಲಾಯಿತು. ಅವುಗಳಲ್ಲಿ ಹೆಚ್ಚಿನವು ಅತಿಥಿಗೃಹಗಳಾದವು. 1973ರಿಂದ 1980ರವರೆಗೆ ಟರ್ಕಿಯ ಅಧ್ಯಕ್ಷರಾಗಿದ್ದ ಫಹ್ರಿ ಕೊರುತುರ್ಕ್ ಹುಟ್ಟಿದ್ದು ಈ ಬೀದಿಯಲ್ಲಿಯೇ. ಮಕ್ಕಳು ಹುಟ್ಟಿ ಬೆಳೆಯುತ್ತಿದ್ದ ಬೀದಿ ರಾತ್ರಿ ತಂಗಿ ಹೋಗುವವರ ಬೀದಿಯಾಯಿತು. ಗೋಡೆಯ ಬಣ್ಣ, ಕಿಟಕಿಯ ಅಂದ ಮರಳಿ ಬಂದವು. ನೆರೆಹೊರೆ ಮಾತ್ರ ಮರಳಲಿಲ್ಲ.

ಉರ್ದು ಮುಶಾಯಿರಾದ ಹಳೆಯ ರಿವಾಜೊಂದು ಇಲ್ಲಿ ನೆನಪಾಗುತ್ತದೆ. ಶಮಾ ಕವಿಯಿಂದ ಕವಿಗೆ ಸಾಗುತ್ತಿತ್ತು. ಅದು ಯಾರ ಮುಂದೆ ಬಂತೋ ಅವರು ಮಾತಾಡಬೇಕು, ಉಳಿದವರು ಕೇಳಬೇಕು. ಸಾರ್ನಿಚ್‌ನಂಥ ಕಡೆ ಶಮಾ ಉಣ್ಣುವವರ ಮೇಜಿನ ಮೇಲೇ ನಿಲ್ಲುತ್ತದೆ. ಅವರ ಮುಖ ಬೆಳಗುತ್ತದೆ, ಕಂಬಗಳು ನೆರಳಾಗಿ ಹಿಂದೆ ಸರಿಯುತ್ತವೆ. ಹೌಜ್ ತೋಡಿದವರು, ನೀರು ಹೊತ್ತವರು, ಗ್ಯಾರೇಜಿನಲ್ಲಿ ದುಡಿದವರು, ಯಾರ ಸರದಿಯೂ ಬರುವುದಿಲ್ಲ. ಮಬ್ಬು ಬೆಳಕು ಇತಿಹಾಸವನ್ನು ಅಲಂಕಾರ ಮಾಡಿಬಿಡುತ್ತದೆ.

ಗುಲೆರ್‌ಸೊಯ್ ಅವರಿಗೆ ಇದರ ಅರಿವು ಇದ್ದಿರಬೇಕು. ಅದೇ ಬೀದಿಯ ಒಂದು ಮನೆಯಲ್ಲಿ ಇಸ್ತಾಂಬುಲ್ ಕುರಿತ ಗ್ರಂಥಾಲಯವನ್ನೂ ಅವರು ಸ್ಥಾಪಿಸಿದರು. ಹಳೆಯ ಕಟ್ಟಡದಲ್ಲಿ ಹೋಟೆಲು ತೆರೆಯುವವರೆಲ್ಲ ಈ ಎರಡನೆಯ ಕೆಲಸವನ್ನೂ ಗಮನಿಸಬೇಕು. ಊಟ ಬಡಿಸಲಿ, ದೀಪವನ್ನೂ ಹಚ್ಚಲಿ. ಇಲ್ಲಿ ಮೊದಲು ಯಾರಿದ್ದರು ಎಂಬುದನ್ನು ಬಂದವರಿಗೆ ತಿಳಿಸುವುದೂ ಆತಿಥ್ಯವೇ.