ಬೆಲ್ಟಿನ ಬಣ್ಣ, ಬೆನ್ನಿನ ಮಣ್ಣು

ಕಾಲೇಜು ಮುಗಿಯುವ ಹೊತ್ತಿಗೋ, ಮೊದಲ ಸಂಬಳ ಕೈಗೆ ಬಂದ ಮೇಲೋ, ಯುದ್ಧಕಲೆ ಯಾವುದಾದರೊಂದನ್ನು ಕಲಿಯಬೇಕೆಂದು ಹೊರಡುವ ಹುಡುಗ ಹುಡುಗಿಯರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಬೆಂಗಳೂರಿನಂಥ ಊರಿನಲ್ಲಿ ಕರಾಟೆ, ಟೇಕ್ವಾಂಡೋ, ಕಿಕ್ ಬಾಕ್ಸಿಂಗ್, ಜಿಯು ಜಿಟ್ಸು, ಕಳರಿ ಎಲ್ಲಕ್ಕೂ ಬೋರ್ಡು ಕಾಣುತ್ತದೆ. ಆಯ್ಕೆ ನಡೆಯುವುದು ಮಾತ್ರ ಸಿನಿಮಾದ ನೆನಪು, ಮನೆಯಿಂದ ಇರುವ ದೂರ, ತಿಂಗಳ ಫೀಸು, ಎಷ್ಟು ವರ್ಷಕ್ಕೆ ಕಪ್ಪು ಬೆಲ್ಟು ಎಂಬ ಲೆಕ್ಕದ ಮೇಲೆ. ಇವುಗಳಲ್ಲಿ ದೂರವೊಂದನ್ನು ಬಿಟ್ಟರೆ ಉಳಿದದ್ದಕ್ಕೆಲ್ಲ ನಾನು ಕಡಿಮೆ ಬೆಲೆ ಕೊಡುತ್ತೇನೆ. ನಾನು ಕೇಳುವುದು ಇಷ್ಟೇ: ಸೋಲಲು ಒಪ್ಪದ ಒಬ್ಬ ಮನುಷ್ಯನನ್ನು ಆ ತರಗತಿಯಲ್ಲಿ ವಾರವಾರವೂ ಎದುರಿಸುತ್ತೀರಾ? ಎದುರಿಸಿದ ಮೇಲೆ ಇಬ್ಬರೂ ಸುರಕ್ಷಿತವಾಗಿ ಮನೆಗೆ ಹೋಗುವಂತೆ ನೋಡಿಕೊಳ್ಳಬಲ್ಲ ಗುರು ಅಲ್ಲಿದ್ದಾರಾ?

ಸ್ವಾತಂತ್ರ್ಯೋತ್ಸವದ ವೇದಿಕೆಯಲ್ಲಿ ಹೆಂಚು ಒಡೆಯುವ ಪ್ರದರ್ಶನವನ್ನು ನೋಡದವರು ಕಡಿಮೆ. ಸಾಲಾಗಿ ಜೋಡಿಸಿದ ಹೆಂಚು, ಒಂದು ಕೂಗು, ಚೂರುಗಳು, ಚಪ್ಪಾಳೆ. ಅದರಲ್ಲಿ ಏಕಾಗ್ರತೆ ಇದೆ, ಧೈರ್ಯವೂ ಇದೆ. ಆದರೆ ಹೊಡೆತ ಬರುವುದನ್ನು ಕಂಡು ಪಕ್ಕಕ್ಕೆ ಸರಿಯುವ, ತೋಳು ಹಿಡಿದು ಎಳೆಯುವ, ಹೆದರಿಸುವ, ಸುಸ್ತು ಮಾಡುವ ಇನ್ನೊಂದು ಜೀವ ಅಲ್ಲಿಲ್ಲ. ಹೋರಾಟದ ಕಷ್ಟವೆಲ್ಲ ಇರುವುದು ಆ ಜೀವದಲ್ಲಿ. ಅದನ್ನು ದೂರವಿಟ್ಟು ವರ್ಷಗಟ್ಟಲೆ ಕಲಿಸಿದರೆ ಕಲಿಯುವವರಿಗೆ ಸುಂದರವಾದ ಚಲನೆ ಸಿಗುತ್ತದೆ; ಅದು ಹೋರಾಟಕ್ಕೂ ಸಾಕಾಗುತ್ತದೆ ಎಂಬ ಸುಳ್ಳು ನಂಬಿಕೆಯೂ ಜೊತೆಗೆ ಸಿಗುತ್ತದೆ. ಇಪ್ಪತ್ತರ ವಯಸ್ಸಿಗೆ ಆ ನಂಬಿಕೆ ಅಪಾಯಕಾರಿ.

ಇದನ್ನು ಅರ್ಥ ಮಾಡಿಕೊಳ್ಳಲು ಮೈಸೂರಿನ ದಸರೆಯೇ ಸಾಕು. ವಿಜಯದಶಮಿಯಂದು ಅರಮನೆಯ ಆವರಣದಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಜೆಟ್ಟಿಗಳು ಮೊನಚಾದ ಆಯುಧವನ್ನು ಬೆರಳುಗಳಿಗೆ ಸಿಕ್ಕಿಸಿಕೊಂಡು ಎದುರು ಬದುರಾಗುತ್ತಾರೆ. ಒಬ್ಬರ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ಮುಗಿಯಿತು. ಅದೇ ದಸರೆಯ ದಿನಗಳಲ್ಲಿ ದೇವರಾಜ ಅರಸು ಕ್ರೀಡಾಂಗಣದಲ್ಲಿ ನಾಡಕುಸ್ತಿಯೂ ಇರುತ್ತದೆ. ನೋಡುವವರಿಗೆ ವಜ್ರಮುಷ್ಟಿಯೇ ಭಯಂಕರ. ಕಲಿಯುವವರಿಗೆ ಕುಸ್ತಿ ಹೆಚ್ಚು ಕೊಡುತ್ತದೆ. ರಕ್ತ ಚಿಮ್ಮಿಸುವುದನ್ನು ದಿನಾ ಬೆಳಿಗ್ಗೆ ಪೂರ್ಣ ಬಲದಿಂದ ಅಭ್ಯಾಸ ಮಾಡಲಾಗದು. ಎದುರಾಳಿಯ ಬೆನ್ನನ್ನು ಮಣ್ಣಿಗೆ ತಾಗಿಸುವುದನ್ನು ಮಾಡಬಹುದು, ಅದೂ ಮೈಯಲ್ಲಿ ಇರುವಷ್ಟು ಶಕ್ತಿ ಹಾಕಿ, ಒಂದೇ ಬೆಳಗಿನಲ್ಲಿ ಹತ್ತಾರು ಸಲ. ಹೀಗೆ ಹತ್ತಾರು ಸಲ ಬಿದ್ದ ದೇಹಕ್ಕೆ ತಿಳಿದದ್ದು ಪುಸ್ತಕದಿಂದ ಬರುವಂಥದ್ದಲ್ಲ.

ಈ ಮಾತನ್ನು ಒಂದು ಪದ್ಧತಿಯಾಗಿಯೇ ಕಟ್ಟಿದವರು ಜಪಾನಿನ ಜಿಗೊರೊ ಕಾನೊ. 1860ರಲ್ಲಿ ಹುಟ್ಟಿದ ಕಾನೊ ಗಿಡ್ಡ, ಸಣಕಲು. ಶಾಲೆಯಲ್ಲಿ ಬಲಿಷ್ಠ ಹುಡುಗರ ಕಾಟ ತಡೆಯಲಾರದೆ ಜುಜುತ್ಸು ಕಲಿಸುವ ಗುರುವನ್ನು ಹುಡುಕಿಕೊಂಡು ಅಲೆದರು. ಸಮುರಾಯಿಗಳ ಕಾಲ ಮುಗಿದು ಆ ವಿದ್ಯೆಗೆ ಯಾರೂ ಬೆಲೆ ಕೊಡದ ದಿನಗಳವು. ಟೋಕಿಯೋ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ ಗುರು ಸಿಕ್ಕಿದರು. 1882ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಕಾನೊ ಟೋಕಿಯೋದ ಒಂದು ಬೌದ್ಧ ಗುಡಿಯಲ್ಲಿ 12 ಚಾಪೆ ಹಾಸುವಷ್ಟು ಜಾಗದಲ್ಲಿ ಕೊಡೊಕಾನ್ ಎಂಬ ಶಾಲೆ ತೆರೆದರು. ಮೊದಲ ವರ್ಷ ಒಂಬತ್ತೇ ಜನ ಶಿಷ್ಯರು. ಇಂದು ಯುದ್ಧಕಲೆ ಹುಡುಕಿ ಹೊರಡುವ ನಮ್ಮ ಹುಡುಗರ ವಯಸ್ಸೇ ಆಗ ಅವರದು ಎಂಬುದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ.

ಕಾನೊ ಮಾಡಿದ ದೊಡ್ಡ ಕೆಲಸವೆಂದರೆ ಕಲೆಯಿಂದ ಕೆಲವನ್ನು ತೆಗೆದು ಪಕ್ಕಕ್ಕಿಟ್ಟದ್ದು. ಮರ್ಮಕ್ಕೆ ಕೊಡುವ ಏಟು, ಬೆರಳು ಮುರಿಯುವ ಪಟ್ಟು ಇಂಥ ಅಪಾಯದ ವರಸೆಗಳನ್ನು ಕಟಾ ಎನ್ನುವ ನಿಗದಿತ ಚಲನೆಗಳೊಳಗೆ ಉಳಿಸಿದರು. ಎಸೆತ, ಅಮುಕುವಿಕೆ, ಕತ್ತು ಹಿಸುಕುವ ಹಿಡಿತ, ಮೊಣಕೈ ಬಂಧಗಳನ್ನು ರಾಂಡೋರಿಗೆ, ಅಂದರೆ ಬಿಡುಸೆಣಸಿಗೆ ತಂದರು. ಹಳೆಯ ಜುಜುತ್ಸು ಮನೆತನಗಳ ಕೈಯಲ್ಲಿ ಪ್ರಾಣ ತೆಗೆಯುವ ವರಸೆಗಳಿದ್ದವು, ಅವನ್ನು ನಿಜವಾಗಿ ಪ್ರಯೋಗಿಸಿ ನೋಡುವ ದಾರಿ ಇರಲಿಲ್ಲ. ಕೊಡೊಕಾನಿನ ಹುಡುಗರ ಕೈಯಲ್ಲಿ ಕೆಲವೇ ವರಸೆಗಳಿದ್ದವು, ಅವನ್ನು ಒಲ್ಲದ ಎದುರಾಳಿಯ ಮೇಲೆ ಸಾವಿರಾರು ಸಲ ಹಾಕಿ ನೋಡಿದ್ದರು. 1880ರ ದಶಕದಲ್ಲಿ ಟೋಕಿಯೋ ಪೊಲೀಸರು ಏರ್ಪಡಿಸಿದ ಪಂದ್ಯಗಳಲ್ಲಿ ಹಳೆಯ ಮನೆತನಗಳ ಎದುರು ಗೆದ್ದ ಈ ಹುಡುಗರಿಂದಲೇ ಕಾನೊ ಕಟ್ಟಿದ ಜೂಡೋಗೆ ಹೆಸರು ಬಂತು. ಕಲೆಯನ್ನು ಕಡಿಮೆ ಅಪಾಯಕಾರಿ ಮಾಡಿದ್ದರಿಂದ ಕಲಿತವರು ಹೆಚ್ಚು ಸಮರ್ಥರಾದರು. ಯುದ್ಧಕಲೆಗಳ ಇತಿಹಾಸದಲ್ಲಿ ಇದಕ್ಕಿಂತ ಮುಖ್ಯವಾದ ಪಾಠ ನನಗೆ ಕಂಡಿಲ್ಲ.

ಕರಾಟೆಯ ಮಾತಿಗೆ ಬಂದರೆ, ನಮ್ಮ ನಾಡಿಗೆ ಅದು ಆಪ್ತವಾದ ಹೆಸರು. ಶಂಕರ್ ನಾಗ್ ಅವರನ್ನು ಕರಾಟೆ ಕಿಂಗ್ ಎಂದು ಕರೆದ ನಾಡು ಇದು. ಒಕಿನಾವಾದ ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೋಗೆ ಕರಾಟೆಯನ್ನು ಒಯ್ದಾಗ ಅವರಿಗೆ ಮುಖ್ಯವಾಗಿದ್ದದ್ದು ಕಟಾ. ಶಿಷ್ಯರು ಬಿಡುಸೆಣಸಿಗೆ ಇಳಿದದ್ದು ಅವರಿಗೆ ಹಿಡಿಸಲಿಲ್ಲ. ಆ ಒಡಕು ಇವತ್ತಿಗೂ ಹಾಗೇ ಇದೆ. ಮಸುತಾತ್ಸು ಒಯಾಮಾ ಕಟ್ಟಿದ ಕ್ಯೋಕುಶಿನ್‌ನಂಥ ಶಾಖೆಗಳಲ್ಲಿ ಮೈಗೆ ಪೂರ್ಣ ಬಲದ ಏಟು ಬೀಳುತ್ತದೆ. ಇನ್ನೊಂದು ಕಡೆ ಏಟು ತಾಗುವ ಮುನ್ನವೇ ತಡೆಯುವುದು ನಿಯಮ. ಟೋಕಿಯೋ ಒಲಿಂಪಿಕ್ಸಿನಲ್ಲಿ, 2021ರಲ್ಲಿ, ಕರಾಟೆಗೆ ಒಂದೇ ಒಂದು ಸಲ ಜಾಗ ಸಿಕ್ಕಿತು. ಪುರುಷರ 75 ಕಿಲೋಗೂ ಮೇಲಿನ ಫೈನಲ್‌ನಲ್ಲಿ ಸೌದಿ ಅರೇಬಿಯಾದ ತಾರೆಗ್ ಹಮೇದಿ ಮುಂದಿದ್ದರು. ಅವರ ಕಾಲೇಟು ತಲೆಗೆ ತಾಗಿ ಇರಾನಿನ ಸಜ್ಜಾದ್ ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ದರು. ಏಟಿಗೆ ಹಿಡಿತವಿರಲಿಲ್ಲ ಎಂದು ಹಮೇದಿಯನ್ನು ಅನರ್ಹಗೊಳಿಸಿ, ಬಿದ್ದವರಿಗೆ ಚಿನ್ನ ಕೊಟ್ಟರು. ಇದನ್ನು ನಗೆಪಾಟಲು ಮಾಡಿದವರ ಜೊತೆ ನಾನಿಲ್ಲ. ತಲೆಯನ್ನು ಕಾಪಾಡುವ ನಿಯಮ ಒಳ್ಳೆಯ ನಿಯಮ. ಆದರೆ ಆ ನಿಯಮದಲ್ಲಿ ಬೆಳೆದ ಆಟವನ್ನು ಬೀದಿಜಗಳಕ್ಕೆ ಸಿದ್ಧತೆ ಎಂದು ಮಾರುವುದು ಸರಿಯಲ್ಲ. ಬೆಲ್ಟಿನ ಪರೀಕ್ಷೆಗೆ ಶುಲ್ಕ, ಪ್ರಮಾಣಪತ್ರಕ್ಕೆ ಶುಲ್ಕ, ಶಿಬಿರಕ್ಕೆ ಶುಲ್ಕ ಎಂದು ಬೆಳೆದಿರುವ ವ್ಯವಹಾರದಲ್ಲಿ ಈ ಮಾರಾಟ ನಡೆಯುತ್ತಿದೆ. ಒಳ್ಳೆಯ ಕರಾಟೆ ಗುರು ಖಂಡಿತ ಇದ್ದಾರೆ. ಅಂಥವರ ತರಗತಿಯ ಕೊನೆಯ ಅರ್ಧ ಗಂಟೆ ನೋಡಿ: ಕೈಗೆ ಗ್ಲೌಸು, ಬಾಯಿಗೆ ಗಾರ್ಡು ಹಾಕಿಕೊಂಡು ಶಿಷ್ಯರು ಒಬ್ಬರನ್ನೊಬ್ಬರು ಎದುರಿಸುತ್ತಿರುತ್ತಾರೆ, ಮುಖ ಕೆಂಪಗಾಗಿರುತ್ತದೆ.

ಟೇಕ್ವಾಂಡೋ ಕಾಲಿಗೆ ಅದ್ಭುತ ವೇಗ ಕೊಡುತ್ತದೆ, ಕೈಯನ್ನು ಬಹುಪಾಲು ಮರೆಸುತ್ತದೆ. ಐಕಿಡೋದ ಸೊಗಸಿಗೆ ನಾನು ಮನಸೋಲುತ್ತೇನೆ, ಬಹುತೇಕ ಶಾಲೆಗಳಲ್ಲಿ ಎದುರಾಳಿ ಒಪ್ಪಂದದಂತೆ ಬೀಳುವುದರಿಂದ ಅದನ್ನು ಈ ಅಳತೆಯಲ್ಲಿ ಕೆಳಗಿಡಬೇಕಾಗುತ್ತದೆ.

ಬಾಕ್ಸಿಂಗ್ ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ. ಖರ್ಚು ಕಡಿಮೆ, ಆಡಂಬರವಿಲ್ಲ, ಕೆಲವೇ ತಿಂಗಳಲ್ಲಿ ಹೆಜ್ಜೆ, ಅಂತರ, ಉಸಿರು ಮೂರೂ ಹಿಡಿತಕ್ಕೆ ಬರುತ್ತವೆ. ಆದರೆ ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ಬಾಕ್ಸರುಗಳ ತೊದಲು ಮಾತು, ತಡವರಿಸುವ ನಡಿಗೆ, ಮಂಕಾದ ಬುದ್ಧಿಯ ಬಗ್ಗೆ ಬರೆದಿದ್ದರು. ತಲೆಗೆ ಮತ್ತೆ ಮತ್ತೆ ಬೀಳುವ ಏಟು ಮಿದುಳಿಗೆ ಹಾನಿ ಮಾಡುತ್ತದೆ ಎಂಬುದರಲ್ಲಿ ಇಂದು ಅನುಮಾನವಿಲ್ಲ. ಓದುವ, ಬರೆಯುವ, ನಾಳೆ ಸಂಸಾರ ನಡೆಸುವ ಯುವಕರಿಗೆ ವಾರಕ್ಕೆ ಎರಡು ಸಲ ತಲೆಗೆ ಪೂರ್ಣ ಬಲದ ಏಟು ತಿನ್ನುವುದನ್ನು ನಾನು ಶಿಫಾರಸು ಮಾಡಲಾರೆ. ಮೆಲುವಾದ ಸ್ಪಾರಿಂಗಿಗೆ ಒತ್ತು ಕೊಡುವ ಕೋಚ್ ಸಿಕ್ಕರೆ ಮಾತು ಬೇರೆ.

ನಾನು ಇಷ್ಟು ಹೊಗಳಿದ ಜೂಡೋದಲ್ಲೂ ಕಪ್ಪು ಅಧ್ಯಾಯವಿದೆ. 1983ರಿಂದ ಮುಂದಿನ ಸುಮಾರು ಮೂರು ದಶಕಗಳಲ್ಲಿ ಜಪಾನಿನ ಶಾಲೆಗಳಲ್ಲಿ ಜೂಡೋ ಅಭ್ಯಾಸ ಮಾಡುವಾಗ ನೂರಕ್ಕೂ ಹೆಚ್ಚು ಮಕ್ಕಳು ಸತ್ತರು, ಹಲವರು ತಲೆಗೆ ಆದ ಪೆಟ್ಟಿನಿಂದ. ಬೀಳುವುದನ್ನೇ ಇನ್ನೂ ಕಲಿಯದ ಮಕ್ಕಳನ್ನು ಎಸೆಯುವುದು, ಸುಸ್ತಾದವರನ್ನು ಶಿಕ್ಷೆಯೆಂಬಂತೆ ಮತ್ತೆ ಮತ್ತೆ ಕೆಡಹುವುದು ನಡೆದಿತ್ತು. ಮಕ್ಕಳನ್ನು ಕಳೆದುಕೊಂಡ ತಂದೆ ತಾಯಿಗಳು ಸಂಘ ಕಟ್ಟಿ ಕೇಳುವವರೆಗೆ ಇದು ಚರ್ಚೆಗೇ ಬಂದಿರಲಿಲ್ಲ. ಜೂಡೋ ಅಷ್ಟೇ ಜನಪ್ರಿಯವಾಗಿರುವ ಫ್ರಾನ್ಸಿನಲ್ಲಿ ಇಂಥ ಸಾವುಗಳ ಸಾಲು ಇಲ್ಲ. ಅಲ್ಲಿ ಜೂಡೋ ಕಲಿಸಲು ಸರ್ಕಾರದ ಪ್ರಮಾಣಪತ್ರ ಇರಲೇಬೇಕೆಂಬ ಕಾನೂನು 1955ರಿಂದಲೂ ಇದೆ. ಕಲೆ ಒಂದೇ, ವರಸೆಗಳೂ ಅವೇ, ವ್ಯತ್ಯಾಸ ಗುರುವಿನಲ್ಲಿ. ನಮ್ಮಲ್ಲಿ ಯಾರು ಬೇಕಾದರೂ ಬೋರ್ಡು ಹಾಕಿ ತರಗತಿ ತೆರೆಯಬಹುದಾದ್ದರಿಂದ ಆ ಪರೀಕ್ಷೆಯನ್ನು ಕಲಿಯಲು ಹೋಗುವವರೇ ಮಾಡಬೇಕಾಗುತ್ತದೆ. ಮೊದಲ ವಾರಗಳಲ್ಲಿ ಬೀಳುವುದನ್ನು ಕಲಿಸುತ್ತಾರೆಯೇ? ಹೊಸಬರನ್ನು ಯಾರ ಜೊತೆ ಬಿಡುತ್ತಾರೆ? ಪೆಟ್ಟಾದವರು ಸಾಕು ಎಂದಾಗ ಗುರುವಿನ ಮುಖ ಹೇಗಾಗುತ್ತದೆ? ಫೀಸು ಕಟ್ಟುವ ಮೊದಲು ಒಂದು ಸಂಜೆ ಸುಮ್ಮನೆ ಕೂತು ನೋಡಲು ಬಿಡದ ತರಗತಿಗೆ ಹೋಗಲೇಬೇಡಿ.

ಹೆಣ್ಣುಮಕ್ಕಳ ಆತ್ಮರಕ್ಷಣೆಯ ಪ್ರಶ್ನೆಯನ್ನು ಯುದ್ಧಕಲೆಯ ಆಯ್ಕೆಯ ಜೊತೆ ಬೆರೆಸುವುದು ನನಗೆ ಸಂಕಟ ತರುತ್ತದೆ. ಸಮಗ್ರ ಶಿಕ್ಷಾ ಯೋಜನೆಯಡಿ ಸರ್ಕಾರಿ ಶಾಲೆಯ ಹುಡುಗಿಯರಿಗೆ ಮೂರು ತಿಂಗಳ ಆತ್ಮರಕ್ಷಣಾ ತರಬೇತಿ ಇದೆ. ಉದ್ದೇಶ ಒಳ್ಳೆಯದು. ಆದರೆ ಸಾಲಾಗಿ ನಿಲ್ಲಿಸಿ ಗಾಳಿಗೆ ಗುದ್ದಿಸುವುದರಿಂದ ಮೂರು ತಿಂಗಳಲ್ಲಿ ಏನು ಬಂದೀತು? ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ಚಾರ್ಲೀನ್ ಸೆನ್ ಮತ್ತು ಸಂಗಡಿಗರು ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಮ್ಮ ಅಧಿಕಾರಿಗಳು ಓದಬೇಕು. ಮೊದಲ ವರ್ಷದ 893 ವಿದ್ಯಾರ್ಥಿನಿಯರಲ್ಲಿ ಒಂದು ಗುಂಪಿಗೆ 12 ಗಂಟೆಗಳ ತರಬೇತಿ, ಇನ್ನೊಂದು ಗುಂಪಿಗೆ ಮಾಹಿತಿಯ ಕರಪತ್ರ ಕೊಟ್ಟರು. ಮುಂದಿನ ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ಮೊದಲ ಗುಂಪಿನಲ್ಲಿ ಶೇ 5.2, ಎರಡನೆಯದರಲ್ಲಿ ಶೇ 9.8. ಆ 12 ಗಂಟೆಗಳಲ್ಲಿ ಕೈಕಾಲಿನ ವರಸೆಗೆ ಸಿಕ್ಕದ್ದು ಒಂದು ಪಾಲು ಮಾತ್ರ. ಪರಿಚಿತರಿಂದಲೇ ಬರುವ ಅಪಾಯವನ್ನು ಗುರುತಿಸುವುದು, ಸಂಕೋಚ ದಾಟಿ ಬೇಡ ಎನ್ನುವುದು, ಕೂಗುವುದು, ತನ್ನ ಇಷ್ಟಾನಿಷ್ಟಗಳನ್ನು ತಾನೇ ತಿಳಿದುಕೊಳ್ಳುವುದು ಉಳಿದ ಸಮಯವನ್ನು ತುಂಬಿತ್ತು. ಆತ್ಮರಕ್ಷಣೆ ಬೇಕೆನ್ನುವವರಿಗೆ ಬೇಕಾದದ್ದು ಇದು. ಯುದ್ಧಕಲೆ ವರ್ಷಗಳ ಸಾಧನೆ. ಅದನ್ನು ಭಯದ ಮದ್ದಾಗಿ ಮಾರಿದರೆ ಎರಡಕ್ಕೂ ಅನ್ಯಾಯ.

ಕಳರಿಪಯಟ್ಟನ್ನು ಬೇರೆ ಕಾರಣಕ್ಕೆ ಆರಿಸಿಕೊಳ್ಳಬೇಕು. ಮೈತಾರಿ ಎಂಬ ದೇಹಾಭ್ಯಾಸದಿಂದ ಶುರುವಾಗಿ ಕೋಲು, ಕತ್ತಿ, ಬರಿಗೈ ಎಂದು ಸಾಗುವ ಅದರ ಕ್ರಮ ದೇಹವನ್ನು ನಿಧಾನವಾಗಿ ಹದಗೊಳಿಸುತ್ತದೆ. ಎಣ್ಣೆ ಹಚ್ಚಿ ತಿಕ್ಕುವ ಚಿಕಿತ್ಸೆಯೂ ಆ ವಿದ್ಯೆಯ ಭಾಗ. ವಡಕರದ ಮೀನಾಕ್ಷಿ ಅಮ್ಮ 2017ರಲ್ಲಿ ಪದ್ಮಶ್ರೀ ಪಡೆದಾಗ ಎಪ್ಪತ್ತು ದಾಟಿದ್ದರು, ಕತ್ತಿ ಹಿಡಿದು ನೆಗೆಯುತ್ತಿದ್ದರು. ಇಂದಿನ ಕಳರಿಯಲ್ಲಿ ಒಪ್ಪದ ಎದುರಾಳಿ ಕಡಿಮೆ, ನಿಜ. ಇಡೀ ಆಯುಷ್ಯಕ್ಕೆ ಒದಗುವ ದೇಹ ಬೇಕೆನ್ನುವವರಿಗೆ ಅದರಷ್ಟು ಕೊಡುವ ವಿದ್ಯೆ ವಿರಳ. ನಮ್ಮ ತುಳುನಾಡಿನಲ್ಲೂ ಗರಡಿಗಳಿವೆ. ಕೋಟಿ ಚೆನ್ನಯರ ಹೆಸರಿನ ಆ ಗರಡಿಗಳು ಈಗ ಆರಾಧನೆಯ ತಾಣಗಳಾಗಿ ಉಳಿದಿವೆ.

ಬ್ರೆಜಿಲಿಯನ್ ಜಿಯು ಜಿಟ್ಸು ಕಾನೊ ಅವರ ಮರದಿಂದಲೇ ಬಂದ ಕೊಂಬೆ. ಕೊಡೊಕಾನಿನ ಮಿತ್ಸುಯೋ ಮಾಯೆದಾ 1914ರಲ್ಲಿ ಬ್ರೆಜಿಲ್ ತಲುಪಿ, ಮುಂದೆ ಗ್ರೇಸಿ ಮನೆತನದ ಹುಡುಗನಿಗೆ ಕಲಿಸಿದರು. ಅಲ್ಲಿ ಬಿಡುಸೆಣಸೇ ತರಗತಿಯ ಜೀವ. ಸೋತವರು ಕೈ ತಟ್ಟಿದರೆ ಹಿಡಿತ ಬಿಟ್ಟುಬಿಡುತ್ತಾರೆ, ಕಪ್ಪು ಬೆಲ್ಟಿಗೆ ಸುಮಾರು ಹತ್ತು ವರ್ಷ ಬೇಕು. ತಲೆಗೆ ಏಟಿಲ್ಲದೆ ಪೂರ್ಣ ಬಲದ ಪ್ರತಿರೋಧ ಬೇಕೆನ್ನುವವರಿಗೆ ಇದು ಒಪ್ಪುತ್ತದೆ. ಆದರೆ ಇದು ನಮ್ಮಲ್ಲಿ ಇನ್ನೂ ದೊಡ್ಡ ಊರುಗಳ, ದುಬಾರಿ ಫೀಸಿನ ವಿದ್ಯೆ.

ಹಾಗಾದರೆ ದಾವಣಗೆರೆಯ, ಧಾರವಾಡದ, ಮೈಸೂರಿನ ಹಾಸ್ಟೆಲಿನಲ್ಲಿರುವ ಹುಡುಗ ಏನು ಮಾಡಬೇಕು? ಜೂಡೋ ತರಗತಿ ಬಸ್ಸಿಗೆ ಸಿಗುವಷ್ಟು ಹತ್ತಿರವಿದ್ದರೆ ಅಲ್ಲಿಗೆ ಹೋಗಲಿ. ಇಲ್ಲವಾದರೆ ಕುಸ್ತಿಯ ಗರಡಿ ಮನೆಗೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಮಲ್ಲರ ದರ್ಜೆ, ಊಟ, ಅಭ್ಯಾಸಗಳನ್ನು ಒಂದು ವಿನೋದವೆಂದು ಬಿಡಿಸಿ ಹೇಳುವಷ್ಟು ಹಳೆಯದು ಈ ನೆಲದಲ್ಲಿ ಮಲ್ಲವಿದ್ಯೆ. ಗುದ್ದಲಿ ಹಿಡಿದು ಮಟ್ಟಿಯ, ಅಂದರೆ ಅಖಾಡದ, ಕೆಮ್ಮಣ್ಣು ಅಗೆಯುವುದೇ ಗರಡಿಯಲ್ಲಿ ಮೊದಲ ವ್ಯಾಯಾಮ. ಆಮೇಲೆ ದಂಡ, ಬಸ್ಕಿ, ಕೊನೆಗೆ ಹಿಡಿದಾಟ. ದಸರೆಗೆ ಮುನ್ನ ಪೈಲ್ವಾನರಿಗೆ ಜೋಡಿ ಕಟ್ಟುವ ಹಿರಿಯರು ಮೈಕಟ್ಟು, ಅನುಭವ ಎರಡನ್ನೂ ತೂಗಿ ಸಮನಾದವರನ್ನು ಎದುರಿಗೆ ನಿಲ್ಲಿಸುತ್ತಾರೆ. ಇಪ್ಪತ್ತರ ವಯಸ್ಸಿನಲ್ಲಿ ಶುರು ಮಾಡಿ ಯಾರೂ ದಸರಾ ಕೇಸರಿ ಆಗಲಾರರು, ಆಗಬೇಕಾದ್ದೂ ಇಲ್ಲ. ತನಗಿಂತ ತುಸು ಮೇಲಿನವರಿಂದ ದಿನಾ ಮಣ್ಣು ಮುಕ್ಕಿ, ಅವರ ಕೈಯನ್ನೇ ಹಿಡಿದು ಎದ್ದರೆ ಸಾಕು.

ಆದರೆ ಗರಡಿಯೂ ಬದಲಾಗಬೇಕು. ದಸರೆಯಲ್ಲಿ ಹೆಣ್ಣುಮಕ್ಕಳು ಮ್ಯಾಟಿನ ಮೇಲೆ ಕುಸ್ತಿ ಆಡುತ್ತಿರುವಾಗ ಊರಿನ ಹಲವು ಗರಡಿಗಳ ಮಟ್ಟಿ ಇಂದಿಗೂ ಅವರಿಗೆ ಮುಚ್ಚಿದೆ. ಮುಂಜಾನೆಯೇ ಕೆಲಸಕ್ಕೆ ಹೊರಡುವ ಹುಡುಗರಿಗೆ ಸಂಜೆಯ ಪಾಳಿ ಬಹಳ ಕಡೆ ಇಲ್ಲ. ಉಸ್ತಾದರು ವಾರಕ್ಕೆ ಮೂರು ಸಂಜೆ ಬಾಗಿಲು ತೆರೆದು, ಹುಡುಗಿಯರಿಗೆ ಹುಡುಗಿಯರದೇ ಜೋಡಿ ಕಟ್ಟಿ, ಹೊಸಬರಿಗೆ ಮೊದಲ ತಿಂಗಳು ಬೀಳುವುದನ್ನಷ್ಟೇ ಕಲಿಸಲಿ. ಆಗ ಜೂಡೋಗಿಂತ ಮೊದಲು ನಾಡಕುಸ್ತಿಯ ಹೆಸರನ್ನೇ ಹೇಳುತ್ತೇನೆ.