ಖಾತರಿಯ ಕರಡಿ, ಕಾಣದ ನೀರುನಾಯಿ

ಹೊಸಪೇಟೆಯಲ್ಲಿ ಇಳಿದ ಪ್ರವಾಸಿಗೆ ಸಿಗುವ ಎರಡು ದಿನಗಳ ಪ್ಯಾಕೇಜು ಯಾರು ಕೊಟ್ಟರೂ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಮೊದಲ ದಿನ ಬೆಳಿಗ್ಗೆ ವಿರೂಪಾಕ್ಷನ ಗುಡಿ, ವಿಜಯವಿಠ್ಠಲನ ಕಲ್ಲಿನ ರಥ, ಕಮಲ ಮಹಲು, ಗಜಶಾಲೆ; ಊಟ ಮುಗಿದ ಮೇಲೆ ದರೋಜಿಯ ಕರಡಿ. ಮರುದಿನ ಆನೆಗೊಂದಿ, ಅಂಜನಾದ್ರಿ, ಸಾಣಾಪುರದ ಹರಿಗೋಲು. ಹೊತ್ತು ಉಳಿದರೆ ಕಮಲಾಪುರದ ಬಳಿಯ ಅಟಲ್ ಬಿಹಾರಿ ವಾಜಪೇಯಿ ಜೈವಿಕ ಉದ್ಯಾನದ ಸಫಾರಿ, ಇಲ್ಲವೇ ತುಂಗಭದ್ರಾ ಅಣೆಕಟ್ಟೆಯ ತೋಟದ ಕಾರಂಜಿ. ಸಂಸ್ಕೃತಿಯೂ ಆಯಿತು, ವನ್ಯಜೀವಿಯೂ ಆಯಿತು. ನಾಟಕವನ್ನೋ ಕಾದಂಬರಿಯನ್ನೋ ವಿಮರ್ಶಿಸುವ ಹಾಗೆ ಇಂಥ ಪ್ರವಾಸವನ್ನೂ ವಿಮರ್ಶೆಗೆ ಒಡ್ಡಬಹುದು. ಇದಕ್ಕೂ ಒಂದು ಆಯ್ಕೆ, ಒಂದು ಅನುಕ್ರಮ, ಕೈಬಿಟ್ಟ ಭಾಗಗಳು ಇವೆ. ಹಾಗೆ ನೋಡಿದರೆ ಅವಸರ, ಗದ್ದಲ, ಕಸ ಇವೆಲ್ಲ ಮೇಲುಮೇಲಿನ ದೋಷಗಳು. ಮೂಲ ದೋಷ ಬೇರೆ ಕಡೆ ಇದೆ: ಹೇಳಿದ್ದು ಹೇಳಿದ ಹೊತ್ತಿಗೆ ಕಂಡೇ ತೀರುತ್ತದೆ ಎಂಬ ಖಾತರಿಯ ಮೇಲೆ ಇಡೀ ಪ್ರವಾಸ ನಿಂತಿದೆ. ಖಾತರಿಗೆ ಒಗ್ಗದ್ದು ಪಟ್ಟಿಯಿಂದ ಬಿದ್ದುಹೋಗುತ್ತದೆ. ಹಾಗೆ ಬಿದ್ದುಹೋದದ್ದರಲ್ಲಿ ಈ ಸೀಮೆಯ ಗುಡಿಗೂ ಗದ್ದೆಗೂ ಜೀವಿಗಳಿಗೂ ಆಧಾರವಾದ ತುಂಗಭದ್ರೆಯೇ ಮೊದಲನೆಯದು.

ದರೋಜಿಯನ್ನೇ ತೆಗೆದುಕೊಳ್ಳಿ. ಬಿಳಿಕಲ್ಲು ಅರಣ್ಯದ ಕುರುಚಲು ಗಿಡ, ಬಂಡೆಗುಡ್ಡಗಳ ಸೀಮೆಯನ್ನು 1994ರಲ್ಲಿ ಕರಡಿಧಾಮವೆಂದು ಘೋಷಿಸಿದ್ದು ದೂರದೃಷ್ಟಿಯ ನಿರ್ಧಾರ. ಇಂದು ಸುಮಾರು 82 ಚದರ ಕಿಲೋಮೀಟರ್ ಹರಡಿರುವ ಈ ಧಾಮ ಕರಡಿಯಷ್ಟೇ ಅಲ್ಲದೆ ಚಿರತೆ, ಮುಳ್ಳುಹಂದಿ, ಬಂಡೆಗುಡ್ಡಗಳನ್ನೇ ನಂಬಿದ ಹಳದಿ ಕೊರಳಿನ ಪಿಕಳಾರದಂಥ ಅಪರೂಪದ ಹಕ್ಕಿಗಳಿಗೂ ನೆಲೆ. ಆದರೆ ಕರಡಿ ಬಿಸಿಲಲ್ಲಿ ಗವಿ ಸೇರಿ ಮಲಗುತ್ತದೆ, ಹೊತ್ತು ಇಳಿದ ಮೇಲೆ ತನಗೆ ಬೇಕಾದ ದಿಕ್ಕಿಗೆ ಹೊರಡುತ್ತದೆ. ಪ್ರವಾಸಿಯ ವಾಹನ ಕತ್ತಲಾಗುವ ಮೊದಲು ಹಿಂದಿರುಗಬೇಕು. ಈ ಎರಡು ವೇಳಾಪಟ್ಟಿಗಳನ್ನು ಹೊಂದಿಸಲು ಹುಟ್ಟಿದ್ದೇ ವೀಕ್ಷಣಾ ಗೋಪುರದ ಎದುರಿನ ಬಂಡೆಗಳಿಗೆ ಬೆಲ್ಲದ ಪಾಕ ಸವರುವ ರೂಢಿ. ದರೋಜಿಗೆ ದೇಶದಾದ್ಯಂತ ಹೆಸರು ಬಂದದ್ದು ಬಹುಮಟ್ಟಿಗೆ ಇದರಿಂದಲೇ. ಅದಕ್ಕೆ ತೆತ್ತ ಬೆಲೆಯೂ ಇದೆ. ಹುತ್ತ ಬಗೆದು, ಮಣ್ಣು ಊದಿ ಗೆದ್ದಲನ್ನು ಸೆಳೆದುಕೊಳ್ಳುವುದು, ಕಾರೆ, ಬೋರೆ, ಕವಳೆ ತಿಂದು ಬೀಜವನ್ನು ಗುಡ್ಡದಿಂದ ಗುಡ್ಡಕ್ಕೆ ಸಾಗಿಸುವುದು ಕರಡಿಯ ಬದುಕು. ಗೋಪುರದ ಮೇಲೆ ನಿಂತವನು ನೋಡುವುದು ಬಂಡೆ ನೆಕ್ಕುವ ಕರಡಿಯನ್ನು. ಪ್ರಾಣಿ ಕಣ್ಣಿಗೆ ಬಿತ್ತು, ಅದು ಅಲ್ಲಿ ಏಕೆ ಬದುಕಿದೆ ಎಂಬುದು ತಿಳಿಯದೇ ಹೋಯಿತು. ಧಾಮದ ಅಂಚಿಗೇ ಮೆಕ್ಕೆಜೋಳ, ಶೇಂಗಾ, ಕಬ್ಬಿನ ಹೊಲಗಳಿರುವಾಗ ಮನುಷ್ಯ ಇಟ್ಟ ಸಿಹಿಯ ರುಚಿಯನ್ನು ಕಾಡುಪ್ರಾಣಿಗೆ ಹತ್ತಿಸುವುದು ಜಾಣತನವೇ ಎಂದು ಆ ಹೊಲಗಳ ರೈತನನ್ನು ಕೇಳಿದರೆ ಉತ್ತರ ಸಿಗುತ್ತದೆ.

ಇದಕ್ಕೊಂದು ಗಟ್ಟಿಯಾದ ಪ್ರತಿವಾದವಿದೆ. ಕರಡಿ ಕಾಣದಿದ್ದರೆ ಜನ ಬರುವುದಿಲ್ಲ. ಜನ ಬಾರದಿದ್ದರೆ ಗಣಿ, ಕ್ವಾರಿಗಳ ಒತ್ತಡದ ನಡುವೆ ಇಂಥ ಕಾಡನ್ನು ಉಳಿಸಿಕೊಳ್ಳುವ ಒತ್ತಾಸೆ ಎಲ್ಲಿಂದ ಬರಬೇಕು? ಸಂಡೂರಿನ ಗುಡ್ಡಗಳು ಅದಿರಿಗಾಗಿ ಕರಗಿದ್ದನ್ನೂ 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಗಿ ಬಂದದ್ದನ್ನೂ ಕಂಡ ಜಿಲ್ಲೆಯಲ್ಲಿ ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಈ ವಾದ ಸಾಬೀತುಪಡಿಸುವುದು ಜನರ ಅಕ್ಕರೆ ಬೇಕು ಎಂಬುದನ್ನು ಮಾತ್ರ. ಆ ಅಕ್ಕರೆ ಬೆಲ್ಲದಿಂದಲೇ ಹುಟ್ಟಬೇಕೆಂಬುದನ್ನಲ್ಲ. ಖಾತರಿಯ ದರ್ಶನದಿಂದ ಹುಟ್ಟುವ ಅಕ್ಕರೆ ಒಂದು ಪ್ರಾಣಿಗೆ, ಒಂದು ಬಂಡೆಗೆ, ಒಂದು ಗಂಟೆಗೆ ಅಂಟಿಕೊಳ್ಳುತ್ತದೆ. ಕರಡಿ ಬಂದ ಕೂಡಲೇ ಕ್ಯಾಮೆರಾ ಎತ್ತಿ, ಹೋದ ಕೂಡಲೇ ಗಾಡಿ ಹತ್ತುವವನಿಗೆ ಧಾಮದಾಚೆಯ ಗುಡ್ಡ ಕ್ವಾರಿಯ ಪಾಲಾದರೆ ಕಳೆದುಕೊಂಡದ್ದೇನು ಎಂಬುದೇ ತೋಚದು. ಹಿಕ್ಕೆ, ಬಗೆದ ಹುತ್ತ, ಹಣ್ಣಿನ ಕಾಲ, ಗವಿಯ ಬಾಯಿ ಇವನ್ನು ಓದಲು ಕಲಿಸುವ ಮಾರ್ಗದರ್ಶಿ ಜೊತೆಗಿದ್ದರೆ ಕರಡಿ ಕಾಣದ ಸಂಜೆಯೂ ಬರಿದಾಗುವುದಿಲ್ಲ.

ಈಗ ಪಟ್ಟಿಯಲ್ಲೇ ಇಲ್ಲದ ಪ್ರಾಣಿಗೆ ಬರೋಣ. ಅಣೆಕಟ್ಟೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಹಂಪಿ, ಆನೆಗೊಂದಿಗಳೆರಡೂ ಈ ಹರಿವಿನ ದಡದಲ್ಲೇ ಇವೆ. ಗುಂಪುಗುಂಪಾಗಿ ಮೀನು ಬೇಟೆಯಾಡುವ ನೀರುನಾಯಿ, ಬಂಡೆಯ ಮೇಲೆ ಮೈಕಾಯಿಸುವ ಮೊಸಳೆ, ಹೊಳೆಯ ಆಮೆಗಳು ಇಲ್ಲಿವೆ. ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ದಡದ ಮರಳು ಬಗೆಯುವುದು, ಅಣೆಕಟ್ಟೆಯ ಗೇಟುಗಳ ಲೆಕ್ಕಕ್ಕೆ ತಕ್ಕಂತೆ ಹೊಳೆ ಒಮ್ಮೆ ಬತ್ತಿ ಒಮ್ಮೆ ಉಕ್ಕುವುದು ಇವು ಅವುಗಳ ಕಂಟಕ. ನೀರುನಾಯಿಗೆ ಬೆಲ್ಲ ಸವರಲು ಬರುವುದಿಲ್ಲ, ಗೋಪುರ ಕಟ್ಟಿ ಕಾಯಿಸಲೂ ಬರುವುದಿಲ್ಲ. ಆದ್ದರಿಂದ ವಿರೂಪಾಕ್ಷನ ಗುಡಿಯಿಂದ ನಾಲ್ಕು ಹೆಜ್ಜೆ ಇಳಿದು ಹೊಳೆಯ ಮೆಟ್ಟಿಲಲ್ಲಿ ಫೋಟೊ ತೆಗೆಸಿಕೊಳ್ಳುವ ಪ್ರವಾಸಿಗೆ ತಾನು ಸಂರಕ್ಷಿತ ಮೀಸಲಿನ ಅಂಚಿನಲ್ಲಿ ನಿಂತಿದ್ದೇನೆಂದು ಹೇಳುವವರೇ ಇಲ್ಲ. ಇದೇ ಹೊಳೆ ಸಂಸ್ಕೃತಿಯ ಪಾಲಿಗೂ ಮೂಲ. ತುರ್ತು, ರಾಯ, ಬಸವಣ್ಣ, ರಾಮಸಾಗರ, ಕಂಪ್ಲಿ ಎಂಬ ಹೆಸರಿನ ವಿಜಯನಗರದ ಕಾಲುವೆಗಳು ಇಂದಿಗೂ ಭತ್ತ, ಬಾಳೆ, ಕಬ್ಬಿಗೆ ನೀರುಣಿಸುತ್ತಿವೆ. 16ನೇ ಶತಮಾನದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿನ ದುಂಡನೆಯ ಬುಟ್ಟಿದೋಣಿಗಳನ್ನು ಬೆರಗಿನಿಂದ ಬಣ್ಣಿಸಿದ್ದಾನೆ. ಕಲ್ಲಿನ ರಥಕ್ಕೆ ಟಿಕೆಟ್ ಇದೆ. ಆ ರಾಜಧಾನಿಗೆ ಅನ್ನ ಕೊಟ್ಟು ಇಂದಿಗೂ ಕೆಲಸ ಮಾಡುತ್ತಿರುವ ಕಾಲುವೆ ಯಾವ ಪ್ಯಾಕೇಜಿನಲ್ಲೂ ಇಲ್ಲ.

ಹೊಳೆಯ ನಡುವಿನ ಗಡ್ಡಿಗಳ ಕಥೆ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಹಂಪಿಯ ಎದುರಿನ ವಿರೂಪಾಪುರ ಗಡ್ಡಿಯಲ್ಲಿ ಗದ್ದೆಗಳ ನಡುವೆ ಗುಡಿಸಲು, ಹೋಟೆಲು, ರೆಸಾರ್ಟುಗಳೆದ್ದು ಅದು ವಿದೇಶಿ ಪ್ರವಾಸಿಗರ ದ್ವೀಪವೆಂದೇ ಹೆಸರಾಯಿತು. 1988ರಲ್ಲೇ ಸಂರಕ್ಷಿತ ಪ್ರದೇಶವೆಂದು ಘೋಷಿತವಾಗಿದ್ದ ಈ ಜಾಗದ ಕಟ್ಟಡಗಳು ಅಕ್ರಮವೆಂಬ ತೀರ್ಪನ್ನು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಮಾರ್ಚ್ ತಿಂಗಳಲ್ಲಿ ಅವು ನೆಲಸಮವಾದವು. ಕಾನೂನು ತನ್ನ ಕೆಲಸ ಮಾಡಿತು, ಸಮಸ್ಯೆ ಮುಗಿಯಿತು ಎನ್ನುವವರಿದ್ದಾರೆ. ಮುಗಿದದ್ದು ಒಂದು ಗಡ್ಡಿಯ ಸಮಸ್ಯೆ. ಅದೇ ಬಗೆಯ ವಸತಿ, ಅದೇ ನಿರೀಕ್ಷೆ ಸಾಣಾಪುರ, ಆನೆಗೊಂದಿಯ ಕಡೆ ಹಬ್ಬಿತು. ಕಟ್ಟಡ ಕೆಡವಬಹುದು, ಹೊಳೆಯನ್ನು ಮೋಜಿನ ಹಿನ್ನೆಲೆಯಾಗಿ ನೋಡುವ ಕಣ್ಣನ್ನು ಜೆಸಿಬಿ ಕೆಡವಲಾರದು. ಆನೆಗೊಂದಿಯ ಬಳಿಯ ಇನ್ನೊಂದು ಗಡ್ಡಿ ನವವೃಂದಾವನ. ಒಂಬತ್ತು ಮಾಧ್ವ ಯತಿಗಳ ವೃಂದಾವನಗಳಿರುವ ಆ ನಡುಗಡ್ಡೆಗೆ ದೋಣಿಯಲ್ಲೇ ಹೋಗಬೇಕು. ಹೊಳೆ ಬಂದರೆ ಹೋಗುವಂತಿಲ್ಲ. ಹೊಳೆಯ ನಿಯಮವನ್ನು ಯಾತ್ರಿಕ ಒಪ್ಪಿಕೊಂಡು ನಡೆಯುತ್ತಾನೆ. ಯಾತ್ರೆಯೆಲ್ಲ ಪಾವನ, ಪ್ರವಾಸವೆಲ್ಲ ಕೇಡು ಎಂದು ಇದರರ್ಥವಲ್ಲ, ಯಾತ್ರಿಕನೂ ಕಸ ಬಿಟ್ಟು ಹೋಗುತ್ತಾನೆ. ಆದರೆ ಈ ದಿನ ಆಗದು ಎಂಬ ಮಾತಿಗೆ ಅಲ್ಲಿ ಜಾಗವಿದೆ.

ಸಂಸ್ಕೃತಿಯ ಭಾಗದಲ್ಲೂ ಖಾತರಿಯದೇ ಆಯ್ಕೆ. ಕಲ್ಲು ಕದಲುವುದಿಲ್ಲ, ಆದ್ದರಿಂದ ಸಂಸ್ಕೃತಿಯೆಂದರೆ ಕಲ್ಲು ಎಂದಾಗಿದೆ. 2011ರ ಜುಲೈನಲ್ಲಿ ಹಂಪಿ ಬಜಾರಿನ ಮಂಟಪಗಳಿಂದ ಅಲ್ಲಿನ ಸಂಸಾರಗಳನ್ನು ಎಬ್ಬಿಸಿದ್ದರ ಹಿಂದೆಯೂ ಜನರಿಲ್ಲದ ಕಲ್ಲೇ ಶುದ್ಧ ಪರಂಪರೆ ಎಂಬ ಕಲ್ಪನೆ ಇತ್ತು. ಇನ್ನು ಪ್ರವಾಸಿ ಕರಡಿಗಾಗಿ ಮಾತ್ರ ಹೋಗುವ ದರೋಜಿ: ಬುರ್ರಕಥೆಯ ಮಹಾಕಾವ್ಯಗಳನ್ನು ನೆನಪಿನಿಂದಲೇ ಹಾಡಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ನಾಡೋಜ ಗೌರವ ಪಡೆದ ಈರಮ್ಮನವರ ಊರು ಅದು. 2014ರಲ್ಲಿ ಅವರು ತೀರಿಕೊಂಡರು. ಕುಮಾರರಾಮನ ಕಥೆಯೂ ಅವರ ಹಾಡಿಕೆಯಲ್ಲಿತ್ತು. ಆ ಕುಮಾರರಾಮನ ತಂದೆ ಕಂಪಿಲರಾಯ. ವಿಜಯನಗರ ಹುಟ್ಟುವ ಮೊದಲೇ, 14ನೇ ಶತಮಾನದ ಆರಂಭದಲ್ಲಿ, ದೆಹಲಿಯ ಸುಲ್ತಾನರನ್ನು ಎದುರಿಸಿ ನಿಂತ ರಾಜ್ಯ ಅವನದು. ಅದರ ಹೆಸರನ್ನು ಹೊತ್ತ ಕಂಪ್ಲಿಯಲ್ಲಿ ಹೊಳೆ ಇದೆ, ಕೋಟೆ ಇದೆ, ಕಾಲುವೆ ಇದೆ, ನೀರುನಾಯಿ ಮೀಸಲಿನ ಕೊನೆಯ ಗಡಿಯೂ ಇದೆ. ಪ್ರವಾಸಿ ಮಾತ್ರ ಇಲ್ಲ.

ವನ್ಯಜೀವಿ ಮತ್ತು ಸಂಸ್ಕೃತಿಯನ್ನು ಕೂಡಿಸಿ ಮಾರುವುದರಲ್ಲಿ ನುರಿತ ಶ್ರೀಲಂಕಾ ಇಲ್ಲಿ ಪಾಠವಾಗಬಲ್ಲದು. ಅಲ್ಲಿ ಸಿಗಿರಿಯ, ಪೊಳೊನ್ನರುವ ನೋಡಿದವರು ಮಿನ್ನೇರಿಯಕ್ಕೆ ಹೋಗಿ ಮಳೆಯಿಲ್ಲದ ಒಣಗಾಲದಲ್ಲಿ ನೂರಾರು ಆನೆಗಳು ಒಟ್ಟುಗೂಡುವುದನ್ನು ನೋಡುತ್ತಾರೆ. ಆ ಆನೆಗಳು ಸೇರುವುದು ಸುಮಾರು 1,700 ವರ್ಷಗಳ ಹಿಂದೆ ಮಹಾಸೇನ ರಾಜ ಕಟ್ಟಿಸಿದ ಕೆರೆಯ ಅಂಗಳದಲ್ಲಿ, ನೀರು ಇಳಿದಾಗ ಚಿಗುರುವ ಹುಲ್ಲಿಗಾಗಿ. ಈಚಿನ ವರ್ಷಗಳಲ್ಲಿ ಮೇಲಿನ ಹೊಸ ಜಲಾಶಯದಿಂದ ನೀರು ಹರಿದು ಕೆರೆ ತುಂಬಿಯೇ ಉಳಿದಾಗ ಹುಲ್ಲೂ ಕಡಿಮೆ, ಆನೆಗಳೂ ಕಡಿಮೆ ಎಂಬ ದೂರು ಎದ್ದಿತು. ಜೀಪುಗಳ ಸಂಖ್ಯೆಯನ್ನು ಎಷ್ಟು ನಿಯಂತ್ರಿಸಿದರೂ ನೀರಿನ ಲೆಕ್ಕ ತಪ್ಪಿದರೆ ನೋಡಲು ಏನೂ ಉಳಿಯದು. ತುಂಗಭದ್ರೆಯ ಮಾತೂ ಇದೇ. 2024ರ ಆಗಸ್ಟಿನಲ್ಲಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ರೈತರ ಬೆಳೆಯ ಆತಂಕ ಸಹಜವಾಗಿ ಸುದ್ದಿಯಾಯಿತು. ಕೆಳಗಿನ ಹೊಳೆಯ ಜೀವಿಗಳ ಮಾತು ಎದ್ದದ್ದು ವಿರಳ.

ಹಾಗಾದರೆ ನೀರುನಾಯಿ ಸಫಾರಿ ಶುರುಮಾಡಬೇಕೆ? ಖಂಡಿತ ಬೇಡ. ಯಂತ್ರದೋಣಿಗಳು ಆ ಹೊಳೆಗೆ ಇಳಿದರೆ ಸಿಡಿಮದ್ದಿನ ಕೆಲಸವನ್ನು ಅವೇ ಮುಗಿಸುತ್ತವೆ. ಕಾಣದ ಪ್ರಾಣಿಗೆ ಯಾರು ದುಡ್ಡು ಕೊಡುತ್ತಾರೆ, ಹರಿಗೋಲಿನವರು, ಆಟೊದವರು, ಗೈಡುಗಳು ಹೊಟ್ಟೆಗೇನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಈ ಸೀಮೆಯಲ್ಲೇ ಇದೆ. ಸಂಡೂರಿನ ಕುಶಲ ಕಲಾ ಕೇಂದ್ರದ ಲಂಬಾಣಿ ಹೆಣ್ಣುಮಕ್ಕಳ ಕಸೂತಿ, ಆನೆಗೊಂದಿಯ ಬಾಳೆನಾರಿನ ಕೆಲಸ ಇವುಗಳಿಗೆ ಗಿರಾಕಿಗಳು ಬಂದದ್ದು ಯಾವ ಖಾತರಿಯ ದರ್ಶನದಿಂದಲೂ ಅಲ್ಲ. ಕೈಕೆಲಸದ ಹಿಂದಿನ ತಿಳಿವಳಿಕೆಗೆ ಬೆಲೆ ಕಟ್ಟಿಸಿದ್ದರಿಂದ. ಹೊಳೆಯನ್ನು ಬಲ್ಲ ಹರಿಗೋಲಿನವನ ತಿಳಿವಳಿಕೆಗೂ ಹಾಗೆಯೇ ಬೆಲೆ ಕಟ್ಟಬಹುದು: ಎಲ್ಲಿ ಮಡು, ಎಲ್ಲಿ ಸುಳಿ, ಎಲ್ಲಿ ನೀರುನಾಯಿಯ ಹಿಕ್ಕೆ, ಎಲ್ಲಿ ಕಾಲುವೆಯ ಹಳೆಯ ಒಡ್ಡು. ಇಂದು ಅವನಿಗೆ ಸಿಗುವುದು ದೋಣಿಯನ್ನು ಬುಗುರಿಯಂತೆ ತಿರುಗಿಸಿದ್ದಕ್ಕೆ ಕೂಲಿ. ಹೊಳೆಯ ಒಂದು ದಡ ಕೊಪ್ಪಳಕ್ಕೂ ಇನ್ನೊಂದು ದಡ 2021ರಿಂದ ವಿಜಯನಗರ, ಬಳ್ಳಾರಿ ಎಂಬ ಎರಡು ಜಿಲ್ಲೆಗಳಿಗೂ ಹಂಚಿಹೋಗಿರುವುದು ತೊಡಕು ನಿಜ, ಆದರೆ ಪ್ರವಾಸಕ್ಕೆ ಜಿಲ್ಲೆಯ ಗಡಿ ಎಂದೂ ಅಡ್ಡಿಯಾಗಿಲ್ಲ. ಹಂಪಿಯಿಂದ ಕಂಪ್ಲಿಯವರೆಗೆ ಕಾಲುವೆಯ ಏರಿ ಹಿಡಿದು ಸಾಗುವ, ದರೋಜಿಯಲ್ಲಿ ಕರಡಿಯ ಜೊತೆಗೆ ಬುರ್ರಕಥೆಯನ್ನೂ ಕೇಳಿಸುವ, ಕರಡಿಯಾಗಲಿ ನೀರುನಾಯಿಯಾಗಲಿ ಕಾಣದೇ ಹೋದರೂ ಹಣ ವಾಪಸು ಕೇಳುವ ಮನಸ್ಸಾಗದಂಥ ಪ್ರವಾಸ ಸಾಧ್ಯ. ಈಗಿನ ಪ್ಯಾಕೇಜು ಅದಲ್ಲ. ಅದು ತೋರಿಸುವುದೆಲ್ಲ ನೋಡಲು ಯೋಗ್ಯವಾದದ್ದೇ. ಒಂದಕ್ಕೊಂದು ಇರುವ ನಂಟನ್ನು ಕತ್ತರಿಸಿ ತೋರಿಸುವುದರಿಂದ ಅದು ಸೋಲುತ್ತದೆ. ಬೆಲ್ಲ ಸವರುವುದನ್ನು ನಿಲ್ಲಿಸಿ ಹೊಳೆಯ ಕಥೆ ಹೇಳಬಲ್ಲ ಗೈಡುಗಳನ್ನು ತಯಾರು ಮಾಡುವುದರಿಂದ ಅದರ ತಿದ್ದುಪಡಿ ಆರಂಭವಾಗಬೇಕು.